ಮುಂದಿನ ಲಾಟು

ಹಗಲೆಲ್ಲ ನಾನು ಹಲ್ಲು ಮಾಡುತ್ತೇನೆ,
ಹಾಸನದ ಪೆನ್‌ಷನ್ ಮೊಹಲ್ಲಾದ ಒಂದು ಮಹಡಿಯಲ್ಲಿ,
ಪ್ಲಾಸ್ಟರ್ ದವಡೆಗಳ ಸಾಲಿನ ಎದುರು ಕೂತು.
ಒಂದೊಂದರ ಮೇಲೂ ಪೆನ್ಸಿಲ್ಲಿನ ಅಕ್ಷರ:
ನಂಜಮ್ಮಣ್ಣಿ, ಮೇಲಿನದು. ದುದ್ದದ ಮೇಷ್ಟರು, ಕೆಳಗಿನ ನಾಲ್ಕು.
ಅವುಗಳ ನಡುವೆ, ಹೆಸರು ಬರೆಸಿಕೊಳ್ಳದೆ,
ಅಂಗೈಯಗಲದ ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್.

ಎಂಟನೇ ಕ್ಲಾಸಿನ ಬೇಸಿಗೆ ರಜೆ.
ಪೆಟ್ಟಿಗೆ ಬಿಚ್ಚಿದರೆ ಅರವತ್ತೆಂಟು ಬಿಡಿಭಾಗ,
ಪ್ಲಾಸ್ಟಿಕ್ ಕಡ್ಡಿಯ ಎರಡೂ ಮಗ್ಗುಲಿಗೆ ಕಾಯಿ ಬಿಟ್ಟ ಹಾಗೆ
ಚಕ್ರ, ಬಾಗಿಲು, ಕಿರುಬೆರಳ ಉಗುರಿನಷ್ಟು ಸ್ಟೀರಿಂಗು.
ಬೆಲೆ ನಲವತ್ತೆರಡು ರೂಪಾಯಿ;
ಅದರಲ್ಲಿ ಹನ್ನೊಂದು ಇನ್ನೂ ಅಕ್ಕನಿಗೆ ಬಾಕಿ.
ಎಂಜಿನ್ನಿಗೆ ಅವಳ ಉಗುರುಬಣ್ಣ,
ಬೆಂಕಿಕಡ್ಡಿಯ ತುದಿಗೆ ಹತ್ತಿ ಸುತ್ತಿ ಬಳಿದದ್ದು.
ಪ್ಲಗ್ಗಿನ ವೈರಿಗೆ ಅವಳದೇ ಕೂದಲು, ನಾಲ್ಕು.

ಹೆರಾಲ್ಡಿನ ಬಾನೆಟ್ಟು ಬೇರೆ ಕಾರಿನಂತಲ್ಲ.
ಮಡ್‌ಗಾರ್ಡು, ದೀಪ ಸಮೇತ ಇಡೀ ಮೂತಿಯೇ
ಮುಂದಕ್ಕೆ ಮಗುಚಿ ಬಾಯಿ ತೆರೆಯುತ್ತದೆ.
ತೆರೆಯಬೇಕಿತ್ತು.
ಮೂವತ್ತೊಂದನೇ ನಂಬರಿನ ಹಿಂಜಿಗೆ ಅಂಟು ಹೆಚ್ಚಾಯಿತು,
ಬೆಳಗ್ಗೆ ನೋಡಿದರೆ ದವಡೆ ಕಚ್ಚಿಕೊಂಡಿತ್ತು.
ಆ ಎಂಜಿನ್ನನ್ನು ನನ್ನನ್ನು ಬಿಟ್ಟು ಯಾರೂ ನೋಡಿಲ್ಲ.
ನಾನು ನೋಡಿದ್ದೂ ಒಂದೇ ಸಂಜೆ.

ಅವತ್ತೇ ಓಡಿದೆ ಕಸ್ತೂರಬಾ ರಸ್ತೆಯ ಅಂಗಡಿಗೆ.
ಸೈಫುಲ್ಲಾ ಸಾಬರು ಏಣಿ ಹತ್ತಿ ಹುಡುಕಿ,
ಇಳಿದು, ಕೈಯ ಧೂಳು ಕೊಡವಿ,
"ಮುಂದಿನ ಲಾಟ್‌ನಲ್ಲಿ ಬರ್ತದೆ" ಎಂದರು.
ಬಂದದ್ದು ಹೆಲಿಕಾಪ್ಟರು. ಆಮೇಲೆ ಕೇರಂ ಬೋರ್ಡು.
ಆಮೇಲೆ ಸಾಬರ ಮಗ. ಈಗ ಅಲ್ಲಿ ಮೊಬೈಲ್ ಕವರು.
ಕಂಪನಿ ಕೈ ಬದಲಾಯಿತು, ಮತ್ತೂ ಬದಲಾಯಿತು;
ಒಂಬತ್ತು ಕಾಗದಕ್ಕೆ ನನಗೆ ಸಿಕ್ಕಿದ್ದು ಒಂದು ಉತ್ತರ:
ಅಚ್ಚು ಇದೆ. ಗೋಡೌನಿನಲ್ಲಿದೆ. ಸ್ವಲ್ಪ ತುಕ್ಕು.
ಬೇಡಿಕೆ ಬಂದರೆ ನೋಡೋಣ.

ಬೇಡಿಕೆ ಅಂದರೆ ನಾನು,
ಮತ್ತೆ ತಿಪಟೂರಿನ ಒಬ್ಬ ಎಲ್‌ಐಸಿ ಏಜೆಂಟು.

ಅಚ್ಚು ಇದೆ ಅಂದರೆ ಸಾಕು ನನ್ನ ಕಸುಬಿನವನಿಗೆ.
ಹಲ್ಲು ಒಡೆದೀತು, ಬಚ್ಚಲಲ್ಲಿ ಜಾರೀತು,
ಮದುವೆಮನೆಯ ಎಂಜಲೆಲೆಯ ಜೊತೆ ಹೋದೀತು;
ಅಚ್ಚಿದ್ದರೆ ಮಂಗಳವಾರಕ್ಕೆ ಹೊಸದು.

ಕ್ರಿಸ್‌ಮಸ್ಸಿಗೆ ಮುಂಚೆ ಅಂತಪ್ಪ ಬಂದ,
ಮಿಷನ್ ಆಸ್ಪತ್ರೆಯ ಡಾಕ್ಟರಮ್ಮನಿಗೆ ಡ್ರೈವರಾಗಿದ್ದವನು.
ಬಾಯ್ತುಂಬ ಮೇಣ ಕಚ್ಚಿಕೊಂಡೇ ಕಪಾಟಿನತ್ತ ಬೆರಳು ಚಾಚಿ
ಏನೋ ಅಂದ. ಮೇಣ ತೆಗೆದ ಮೇಲೆ ತಿಳಿಯಿತು:
"ಇದು ಸರಿಯಿಲ್ಲ ಬಿಡಿ. ನಮ್ಮದು
ಮುಚ್ಚಿದ್ದಕ್ಕಿಂತ ತೆಗೆದಿದ್ದೇ ಜಾಸ್ತಿ.
ಆಲೂರು ದಾಟೋದ್ರೊಳಗೆ ಮೂರು ಸಲ ನೀರು ಕೇಳೋದು.
ನಾನು ಕೊಡ ಹಿಡಿದು ಓಡಿದರೆ ಡಾಕ್ಟರಮ್ಮ
ಬಾನೆಟ್ ಎತ್ತಿ, ಮುಂದಿನ ಟೈರಿನ ಮೇಲೆ ಕೂತು
ಕಿತ್ತಲೆ ಸುಲೀತಿದ್ರು."

ನನ್ನ ಬಳಿ ಡ್ರಿಲ್ಲಿದೆ, ಕೂದಲೆಳೆಯ ಗರಗಸವಿದೆ,
ಹತ್ತು ನಿಮಿಷದ ಕೆಲಸ, ಆ ದವಡೆ ಬಿಡಿಸುವುದು.
ಇರುವುದೇ ಒಂದು, ಹೇಗೆ ಕೊಯ್ಯಲಿ?
ಹೊಸದು ಬರಲಿ, ಆಗ ಹಳೆಯದಕ್ಕೆ ಕೈ ಹಾಕುತ್ತೇನೆ.
ಬಂದದ್ದನ್ನು ಕಟ್ಟುತ್ತೇನೆಂದೂ ಅಲ್ಲ;
ಸೀಲು ಒಡೆಯದೆ ಪಕ್ಕದಲ್ಲಿ ಇದ್ದರಾಯಿತು,
ಆಪರೇಷನ್ನಿಗೆ ಮುಂಚೆ ರಕ್ತದ ಬಾಟಲಿ ಇದ್ದ ಹಾಗೆ.

ನಮ್ಮೂರಿನ ಅಮ್ಮ ವರ್ಷಕ್ಕೊಮ್ಮೆ ಬಾಗಿಲು ತೆಗೆಸುವವಳು.
ಒಳಗೆ ಹೋದ ವರ್ಷದ ದೀಪ ಉರಿಯುತ್ತಲೇ ಇರುತ್ತದೆ ಎನ್ನುತ್ತಾರೆ.
ಮೊದಲ ದಿನದ ಸಾಲಿನಲ್ಲಿ ನಿಂತವನಲ್ಲ ನಾನು,
ಹೌದೋ ಅಲ್ಲವೋ ಹೇಳಲಾರೆ.
ಉಗುರುಬಣ್ಣ ಮಾತ್ರ ಕತ್ತಲಲ್ಲಿಟ್ಟರೆ ಮಾಸುವುದಿಲ್ಲವಂತೆ.
ಅಕ್ಕನೇ ಹೇಳಿದ್ದು,
ಹನ್ನೊಂದು ರೂಪಾಯಿ ಕೇಳಲು ಫೋನು ಮಾಡಿದಾಗ.

ಇವತ್ತು ಹತ್ತನೇ ಕಾಗದ ಬರೆದೆ.
ಬೇಕಾದ ಪ್ರತಿಗಳು: ಎರಡು, ಎಂದು ಬರೆದು,
ಅಂತಪ್ಪ ನೆನಪಾಗಿ,
ಹೊಡೆದುಹಾಕಿ, ಮೂರು ಮಾಡಿದೆ.