ಅರ್ಜಿಯ ಮೂರನೇ ಪುಟ

ತಮಾಲೆಯಲ್ಲಿ ಹರ್ಮಟಾನ್ ಗಾಳಿ ಶುರುವಾಗಿ ಹನ್ನೊಂದು ದಿನ.
ವಾರ್ಡಿನ ಕಿಟಕಿ ಸಂದಿಗೆಲ್ಲ ಒದ್ದೆ ಬಟ್ಟೆ ತುರುಕಿದ್ದೇವೆ,
ಆದರೂ ಥರ್ಮಾಮೀಟರಿನ ಮೇಲೆ, ತುಟಿಯ ಮೇಲೆ,
ಈ ಅರ್ಜಿಯ ಮೇಲೆ ಸಹಾರಾದ ಹುಡಿ.
ಊದಿದೆ. ಮತ್ತೆ ಬಂದು ಕೂತಿತು.

ಮೊದಲ ಪುಟ ಸಲೀಸು. ಹೆಸರು, ವುಂಪಿನಿ ನೆಯಿಂಡೋ.
ನರ್ಸಿಂಗ್ ಪದವಿ. ವಯಸ್ಸು ಇಪ್ಪತ್ತೈದು.
ಎರಡನೆಯದಕ್ಕೆ ಲೈಸೆನ್ಸ್ ನಂಬರು, ಅಂಕಪಟ್ಟಿ.
ಮೂರನೆಯದರ ತುಂಬ ಚೌಕಗಳು,
ಹೆರಿಗೆ, ಮನೋರೋಗ, ಮಕ್ಕಳು, ತೀವ್ರ ನಿಗಾ,
ಸಮುದಾಯ ಆರೋಗ್ಯ, ಕಣ್ಣು, ಅರಿವಳಿಕೆ.
ಒಂದಕ್ಕೆ ಮಾತ್ರ ಗುರುತು ಹಾಕಿ.

ಒಂದಕ್ಕೆ ಮಾತ್ರವಂತೆ.
ಒಂಬತ್ತನೇ ಹಾಸಿಗೆಯ ಅಜ್ಜನಿಗೆ ಹೇಳಿ ನೋಡಿ ಇದನ್ನು:
ಸಕ್ಕರೆ ಕಾಯಿಲೆ, ಪಾದದಲ್ಲಿ ಹುಣ್ಣು, ಕಣ್ಣಿಗೆ ಪೊರೆ,
ರಾತ್ರಿಯಿಡೀ ಸತ್ತ ತಮ್ಮನ ಜೊತೆ ಜಗಳ.
ಯಾವ ಚೌಕದಲ್ಲಿ ಮಲಗಿಸಲಿ ಅವನನ್ನು?

ಲಮಿಸಿ ಬೈಕು ಮಾರಿ ಪರೀಕ್ಷೆ ಕಟ್ಟಿ ಲೀಡ್ಸ್‌ಗೆ ಹೋದಳು.
ಫೋನಿನಲ್ಲಿ ಅವಳ ದನಿ: "ಬಾರೇ,
ಇಲ್ಲಿ ಸಂಬಳ ಬರಬೇಕಾದ ದಿನವೇ ಬರುತ್ತದೆ.
ದಿನಕ್ಕೆ ಹದಿನಾಲ್ಕು ಮುದುಕಿಯರಿಗೆ ಸ್ನಾನ ಮಾಡಿಸುತ್ತೇನೆ.
ಒಬ್ಬಳು ಮಾತ್ರ ನನ್ನ ಹೆಸರು ಸರಿಯಾಗಿ ಕರೆಯುತ್ತಾಳೆ,
ಅವಳಿಗೆ ತನ್ನ ಹೆಸರೇ ನೆನಪಿಲ್ಲ."
ಅಜಾರಾ ಸವೆಲುಗುವಿನಲ್ಲಿ ಪಾಠ ಮಾಡುತ್ತಾಳೆ,
ರಬ್ಬರಿನ ತೋಳಿಗೆ ಸೂಜಿ ಚುಚ್ಚಿಸುತ್ತಾಳೆ,
ರಬ್ಬರು ಅಳುವುದಿಲ್ಲ ಅನ್ನುವುದೇ ಅವಳ ದೂರು.

ಅಪ್ಪ ಬೈಕ್ ಮೆಕ್ಯಾನಿಕ್ಕು. ಕೈ ಒರೆಸಿಕೊಳ್ಳುತ್ತ,
"ಇನ್ನೂ ಓದುವುದಿದೆಯಾ? ನರ್ಸಾದವಳು ನರ್ಸೇ ತಾನೇ?"
"ಬ್ರೇಕು ಬೇರೆ, ಕಾರ್ಬ್ಯುರೇಟರ್ ಬೇರೆ
ಅಂತ ಹೇಳಿಕೊಟ್ಟದ್ದು ಯಾರು?"
ನಕ್ಕುಬಿಟ್ಟ. "ಒಂದು ತಿಂಗಳ ಖರ್ಚು ನನ್ನದು."
ಕೋರ್ಸು ಎರಡು ವರ್ಷದ್ದು.

ಹೋದ ಫೆಬ್ರುವರಿ, ಒಂದು ಸಿಸೇರಿಯನ್ನು,
ನಡುವೆ ಕರೆಂಟು ಹೋಯಿತು.
ಜನರೇಟರು ಎರಡು ಸಲ ಕೆಮ್ಮಿ ಸುಮ್ಮನಾಯಿತು.
ತಲೆಯ ಬಳಿ ಅಟಾಂಪುಗ್ರೆ ಇದ್ದರು.
ಡಾಕ್ಟರಲ್ಲ, ನಮ್ಮ ಹಾಗೆ ವಾರ್ಡಿನಿಂದ ಬಂದವರು,
ಬೆಡ್‌ಪ್ಯಾನು ತೊಳೆದು, ಆಮೇಲೆ ಓದಿ
ಅರಿವಳಿಕೆಗೆ ಹೋದವರು.
ರಬ್ಬರ್ ಚೀಲ ಕೈಗೆತ್ತಿಕೊಂಡು ಒತ್ತಿದರು, ಬಿಟ್ಟರು.
ಒತ್ತಿದರು, ಬಿಟ್ಟರು.
ನಾನು ಫೋನಿನ ಬೆಳಕು ಹಿಡಿದಿದ್ದೆ, ನಲವತ್ತು ನಿಮಿಷ.
ನಡುವೆ ಒಮ್ಮೆ, ಸೂಜಿಮದ್ದು ಏರಿಸಬೇಕಾಗಿ,
"ಬೆಳಕು ಅವಳಿಗೆ ಕೊಡು. ಇದನ್ನು ನೀನು ಹಿಡಿ."

ಇಪ್ಪತ್ತು ಉಸಿರು ನನ್ನ ಪಾಲಿಗೆ ಬಂತು.
ನನ್ನದೂ ಸೇರಿಕೊಂಡು ಓಡತೊಡಗಿತು.
"ಮೆಲ್ಲಗೆ," ಅಂದರು, ಕಣ್ಣೆತ್ತದೆ,
"ಅವಳಿಗೆಷ್ಟು ಬೇಕೋ ಅಷ್ಟು.
ನಿನಗೆಷ್ಟು ಭಯವೋ ಅಷ್ಟಲ್ಲ."

ಮಗು ಅತ್ತಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ.
ತಾಯಿ ಕಣ್ಣು ಬಿಟ್ಟು ಮೊದಲು ಕೇಳಿದ್ದು ನೀರು.
ನನ್ನ ಹೆಬ್ಬೆರಳು ಎರಡು ದಿನ ಮಡಚಲಾಗಲಿಲ್ಲ.

ಅರಿವಳಿಕೆ. ಅರಿವನ್ನು ಅಳಿಸುವ ವಿದ್ಯೆ.
ಮರಳಿ ತಂದುಕೊಡುವುದನ್ನೂ ಕಲಿಸುತ್ತಾರೆ
ಎಂಬುದು ಹೆಸರಿನಲ್ಲಿಲ್ಲ.

ಲೀಡ್ಸ್ ಇನ್ನೂ ಇದೆ. ಪಾಸ್‌ಪೋರ್ಟಿನ ದುಡ್ಡು
ಹಳೆಯ ಹಾರ್ಲಿಕ್ಸ್ ಬಾಟಲಿಯಲ್ಲಿದೆ,
ಅದರಲ್ಲೇ ಈ ಅರ್ಜಿಗೂ ಮುನ್ನೂರು ಸೆಡಿ ತೆಗೆದೆ.
ಸುಳ್ಳು ಹೇಳಲಾರೆ, ತೆಗೆವಾಗ ಕೈ ನಡುಗಿತು.

ಗುರುತು ಹಾಕಿದ್ದೇನೆ. ಪೆನ್ನು ಹುಡಿಯಲ್ಲಿ ಗೀರಿ
ಎರಡು ಸಲ ತಿದ್ದಬೇಕಾಯಿತು.
ಕೆಳಗೆ, ಕಾರಣ ತಿಳಿಸಿ, ಮೂರು ಗೆರೆ.
ಮೊದಲ ಗೆರೆಯಲ್ಲಿ ಬರೆದೆ: ಕರೆಂಟು ಹೋಗಿತ್ತು.
ಹೊಡೆದು ಹಾಕಿದೆ. ಮತ್ತೆ ಅದನ್ನೇ ಬರೆದೆ.

ಮಸೀದಿಯಿಂದ ಬೆಳಗಿನ ಆಜಾನು.
ಒಂಬತ್ತರ ಅಜ್ಜ ತಮ್ಮನನ್ನು ಕೂಗುತ್ತಿದ್ದಾನೆ.
ಕಾಗದ ಹಾರದಂತೆ ಬಿಪಿ ಯಂತ್ರವನ್ನು ಮೇಲಿಟ್ಟು
ಬಂದೆ, ಅಣ್ಣಾ, ಬಂದೆ, ಎನ್ನುತ್ತ ಏಳುತ್ತೇನೆ.
ಎರಡು ಗೆರೆ ಇನ್ನೂ ಖಾಲಿ.