ರೊಂಬೌಟನ ಮೂಗು

ಬ್ರಸೆಲ್ಸಿನಾಚೆ, ಗೋಡೆಲೀವಳ ಗ್ಯಾರೇಜಿನಲ್ಲಿ
ಕಾರಿಗೆ ಜಾಗವಿಲ್ಲ: ಮೂರು ಪೀಪಾಯಿ, ಒಂದು ಬೆಂಚು,
ಉಪ್ಪು ಹಚ್ಚಿದ ಮೂಲಂಗಿ.
ಆರು ವರ್ಷದ ಲ್ಯಾಂಬಿಕ್ ಬಾಟಲಿಯನ್ನು
ತಳದ ಗಸಿ ಅಲುಗದ ಹಾಗೆ
ಬುಟ್ಟಿಯಲ್ಲಿ ಮಲಗಿಸಿಕೊಂಡೇ ತಂದ ರೊಂಬೌಟ್.

ಮೂವತ್ತು ವರ್ಷ ನಮಗೆಲ್ಲ ಮೂಗು ಅವನೇ.
ಯಾವ ಪೀಪಾಯಿ, ಯಾವ ಬೇಸಿಗೆ,
ಮೊದಲ ಗುಟುಕಿಗೆ ಮೊದಲೇ ಹೇಳುತ್ತಿದ್ದ.
ಹೋದ ಮಾಗಿಯ ಜ್ವರ
ತಾನು ಹೋಗುವಾಗ ವಾಸನೆಯನ್ನೂ ಕರೆದೊಯ್ದಿತು.
ಈಗದು ಕನ್ನಡಕ ಕೂರುವ ಜಾಗ, ಅಷ್ಟೆ, ಅನ್ನುತ್ತಾನೆ.

ಬಿರಡೆ ಟಪ್ಪೆಂದಿತು. ನೊರೆ ಏರಿತು, ಇಳಿಯಿತು.
"ಹೇಳಿ," ಅಂದ.
"ಹುಳಿ," ಎಂದಳು ಟೀಲ್ಡೆ.
"ಹುಳಿ ನನಗೂ ಗೊತ್ತು, ನಾಲಿಗೆ ಸತ್ತಿಲ್ಲ. ಮುಂದೆ?"
ವಾನ್ನೆಸ್ ತಡವರಿಸಿದ: ಒದ್ದೆ ಕುದುರೆಯ ಕಂಬಳಿ...
"ಹಳೇ ಪಾಠ. ನಾನೇ ಕಲಿಸಿದ್ದು."

ನಾನು ಮೂಸಿದೆ.
ಅಜ್ಜನ ಸೈಕಲ್ ಷೆಡ್ಡು, ಅಂದೆ.
ಪಂಕ್ಚರಿನ ಅಂಟು. ಅದರ ಹಿಂದೆಲ್ಲೋ
ಕಿಟಕಿಯಲ್ಲಿ ಯಾರೋ ಕಚ್ಚಿ ಮರೆತ ಸೇಬು.

ರೊಂಬೌಟ್ ಕಣ್ಣು ಮುಚ್ಚಿದ.
ಲೋಟವನ್ನು ಕಿವಿಯ ಹತ್ತಿರ ಹಿಡಿದ.
ಗುಳ್ಳೆ ಒಡೆಯುವ ಚಿಟಿಚಿಟಿ ನಮಗೂ ಕೇಳಿಸಿತು.

"ಕಚ್ಚಿದ ಕಡೆ ಕಂದಾಗಿದೆಯೋ,
ಇನ್ನೂ ಬೆಳ್ಳಗಿದೆಯೋ?"

ಗೊತ್ತಾಗಲಿಲ್ಲ.
ಮತ್ತೆ ಮೂಸಿದೆ.