ಇಳಿಯಲಿಕ್ಕೆ ಮಾತ್ರ

ಮೂವತ್ತೊಂದು ವರ್ಷ ಈ ಕಿಂಡಿಯಲ್ಲಿ ಕೂತು
ಟಿಕೆಟು ಹರಿದಿದ್ದೇನೆ,
ಎಲೆಯುತೇರಿಯೊ ಒಂದನ್ನೂ ಕೊಂಡವನಲ್ಲ.
ವಾಲ್ಪರೈಸೊದ ಗುಡ್ಡಗಳನ್ನೆಲ್ಲ
ಅಂಚೆಚೀಲ ಹೊತ್ತು ಹತ್ತಿಳಿದವನು;
ಹಳಿ ಹಿಡಿದು ಗುಡ್ಡವೇರುವ ನಮ್ಮ ಡಬ್ಬಿಯನ್ನು ಕಂಡರೆ
ಮುದುಕಿಯರ ತೊಟ್ಟಿಲು ಎಂದು ನಗುತ್ತಿದ್ದ.

ಮಾರ್ಚಿಯಲ್ಲಿ ಒಂದು ಬೆಳಿಗ್ಗೆ ಬಂದ.
ನಾಣ್ಯ ತಳ್ಳಿ, ಸಮುದ್ರದ ಕಡೆ ಮುಖ ಮಾಡಿ,
'ಒಂದು. ಇಳಿಯಲಿಕ್ಕೆ ಮಾತ್ರ.'

ಮಂಡಿಯೊಳಗಿನ ಮೆತ್ತೆ ಸವೆದಿದೆಯಂತೆ.
ಆಸ್ಪತ್ರೆಯ ಹುಡುಗಿ ಹೇಳಿದಳಂತೆ:
ಸವೆದದ್ದು ಮರಳದು,
ತೊಡೆಗೆ ಮಾತ್ರ ಇನ್ನೂ ಕಲಿಯುವ ವಯಸ್ಸು.
ಇಳಿಜಾರನ್ನು ಯಂತ್ರಕ್ಕೆ ಬಿಡಿ,
ಏರನ್ನು ಬಿಡಬೇಡಿ.

ಈಗ ಕೆಟಲು ಕುದಿಯುವಷ್ಟು ಹೊತ್ತು
ಕುರ್ಚಿಯಿಂದ ಏಳುತ್ತಾನೆ, ಕೂರುತ್ತಾನೆ,
ಕೈಯೂರದೆ, ಹತ್ತು ಸಲ.
ಎಂಟನೆಯದಕ್ಕೆ ಬೈಗುಳ, ನನ್ನ ಗೋಡೆಗೂ ಕೇಳಿಸುತ್ತದೆ.
ಚಹಾದ ಮೂರು ಚಮಚ ಸಕ್ಕರೆ ಒಂದಾಗಿದೆ;
ಭಾನುವಾರ ಎರಡು,
ಅದನ್ನು ಹುಡುಗಿಗೆ ಹೇಳಬಾರದು.
ಆರು ಕಿಲೊ ಇಳಿದೆ ಎಂದ ಮೊನ್ನೆ,
ಡಿಸೆಂಬರಿನ ಅರ್ಧ ಚೀಲ.

ಸಂಜೆ ನನ್ನ ಡಬ್ಬಿ ಖಾಲಿ ಏರುತ್ತದೆ.
ಪಕ್ಕದ ಮೆಟ್ಟಿಲಲ್ಲಿ ಅವನು,
ತಿರುವಿಗೊಮ್ಮೆ ನಿಂತು
ಗೋಡೆಯ ಚಿತ್ರ ನೋಡುವವನ ಹಾಗೆ ನಟಿಸುತ್ತ.
ಒಂದು ಕಾಲಕ್ಕೆ ಅವನ ಪ್ಯಾಂಟು ಹರಿದ ನಾಯಿ
(ಅದರದೂ ಹಿಂಗಾಲು ಹಿಡಿದಿದೆ)
ಎರಡು ಮೆಟ್ಟಿಲು ಮೇಲೆ ಹೋಗಿ ಕಾಯುತ್ತದೆ.

ನೋವು ಹೋಯಿತೇ, ಕೇಳಿದೆ.
'ಎಲ್ಲಿಗೆ ಹೋಗುತ್ತೆ? ಅದೂ ಬರುತ್ತೆ,
ಟಿಕೆಟಿಲ್ಲದ ಸವಾರಿ.
ಮೊದಲು ಹೆಗಲ ಮೇಲೆ ಕೂರುತ್ತಿತ್ತು,
ಈಗ ನಡೆಸಿಕೊಂಡು ಬರುತ್ತೇನೆ.'
ಅಂದವನೇ, ನಾಳೆಯದಕ್ಕೆ ಚಿಲ್ಲರೆ ಎಣಿಸಿಟ್ಟ.